ಇದ್ದಿಲ ಮೋಟಾರಿನಲ್ಲಿ ಗುಡಿ ನೋಡಲು ಹೋದದ್ದು

ನೌಕರಿಯಲ್ಲಿರುವ ಸಂಸಾರಸ್ಥನಿಗೆ ರವಿವಾರವೆಂದರೆ ಹಬ್ಬ. ಒಂಟಿ ಮನುಷ್ಯನಿಗೆ ಅದು ಏಕಾದಶಿ. ಉಳಿದ ದಿನಗಳಲ್ಲಿ ಯಾರಾದರೂ ನಮ್ಮನ್ನು ಬೈಯುತ್ತಾರೆ, ನಾವು ಯಾರನ್ನಾದರೂ ಬೈಯುತ್ತೇವೆ, ಹೊತ್ತು ಹೋಗುತ್ತದೆ. ರವಿವಾರ ಬೆಳಗಾಯಿತೆಂದರೆ ಬೈಯುವವರೂ ಇಲ್ಲ, ಬೈಸಿಕೊಳ್ಳುವವರೂ ಇಲ್ಲ. ನಾನು ಹಾನಗಲ್ಲಿನ ಕೋರ್ಟಿನಲ್ಲಿ ನಕಲು ಬರೆಯುವ ಕಾರಕೂನನಾಗಿದ್ದ ಕಾಲದಲ್ಲಿ ಎಷ್ಟು ಒಂಟಿಯಾಗಿದ್ದೆನೆಂದರೆ, ಕೋಣೆಯ ಗೋಡೆಯ ಮೇಲಿನ ಹಲ್ಲಿ ಒಂದು ದಿನ ಕಾಣದಿದ್ದರೆ ಅದರ ಪ್ರಕೃತಿ ಹೇಗಿದೆಯೋ ಎಂದು ಕಾಳಜಿಯಾಗುತ್ತಿತ್ತು. ಮದುವೆ ಆಗಿರಲಿಲ್ಲ. ಮೊದಮೊದಲು ಜಾತಕ ಕೂಡಲಿಲ್ಲ. ಜಾತಕ ಕೂಡಿದಲ್ಲಿ ಮಂದಿ ಕೂಡಲಿಲ್ಲ. ಎರಡೂ ಕೂಡುವ ಹೊತ್ತಿಗೆ ನನ್ನ ತಲೆಯ ಮೇಲೆ ಕೂದಲೇ ಉಳಿದಿರಲಿಲ್ಲ. ತಂದೆತಾಯಿ ತೀರಿಹೋಗಿದ್ದರು. ಒಡಹುಟ್ಟಿದವರು ಯಾರೂ ಇರಲಿಲ್ಲ. ನಮ್ಮ ಅಜ್ಜ ದೊಡ್ಡ ಪಂಡಿತರು. ಅವರ ಪಾಂಡಿತ್ಯದಲ್ಲಿ ನನ್ನ ಪಾಲಿಗೆ ಬಂದದ್ದು ಹಳೆಯದೆಲ್ಲ ಶ್ರೇಷ್ಠವೆಂಬ ನಂಬಿಕೆಯೊಂದೇ. ಹಾಗಾಗಿ ರವಿವಾರ ಬಂತೆಂದರೆ ಊರಿನ ಹಳೆಯ ಗುಡಿಗೆ ಹೋಗಿ, ಅದರ ಛತ್ತಿನಲ್ಲಿ ಕೆತ್ತಿದ ಕಲ್ಲಿನ ಕಮಲವನ್ನು ಕತ್ತು ನೋಯುವ ತನಕ ನೋಡುತ್ತಿದ್ದೆ. ಕೊನೆಗೆ ಆ ಕಮಲಕ್ಕೇ ನನ್ನ ಮುಖ ನೋಡಿ ಬೇಸರ ಬಂದಿರಬೇಕು ಎನ್ನಿಸಿ, ಒಂದು ದಿನದ ಮಟ್ಟಿಗೆ ಮೋಟಾರು ಬಾಡಿಗೆಗೆ ಹಿಡಿದು ಹಿರೇಕೆರೂರ ಕಡೆಯ ಹಳೆಯ ಗುಡಿ, ಮಠಗಳನ್ನು ನೋಡಿ ಬರುವುದೆಂದು ಗೊತ್ತು ಮಾಡಿದೆ.

ಒಬ್ಬನೇ ಹೋಗುವ ವಿಚಾರ ಖಂಡಿತ ಇರಲಿಲ್ಲ. ನಮ್ಮ ಹೆಡ್ ಕಾರಕೂನ ಗೋವಿಂದರಾಯರೂ ಶಾಲೆಯ ಡ್ರಾಯಿಂಗ್ ಮಾಸ್ತರ ಶಿವಲಿಂಗಪ್ಪನವರೂ "ಜರೂರ ಬರ್ತೇವಿ" ಎಂದಿದ್ದರು. ಗೋವಿಂದರಾಯರು ದಾರಿಯಲ್ಲಿ ಮೆಲ್ಲಲು ಸವಣೂರ ವೀಳ್ಯದೆಲೆ ತರುವವರಿದ್ದರು, ಮಾಸ್ತರರು ಕಂಬಗಳ ಚಿತ್ರ ಬರೆಯುವವರಿದ್ದರು. ಅದು ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಶಿಗ್ಗಾಂವಿಯ ಬಾಬುಸಾಬ ತನ್ನ ಮೋಟಾರಿನ ಹಿಂಬದಿಗೆ ನೀರು ಕಾಸುವ ಹಂಡೆಯಂಥದೊಂದು ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನ ಬಲದ ಮೇಲೆ ಗಾಡಿ ಓಡಿಸುತ್ತಿದ್ದ. ಅರ್ಧ ಹೊತ್ತು ಚಕ್ರ ಹಿಡಿಯುತ್ತಿದ್ದ, ಅರ್ಧ ಹೊತ್ತು ಒಲೆ ಊದುತ್ತಿದ್ದ. ಅವನನ್ನು ಡ್ರೈವರನೆನ್ನಬೇಕೋ ಅಡಿಗೆಯವನೆನ್ನಬೇಕೋ ನನಗೆ ಕೊನೆಗೂ ತಿಳಿಯಲಿಲ್ಲ.

ಬೆಳಗಾಗುತ್ತಲೇ ಮೋಟಾರು ತೆಗೆದುಕೊಂಡು ಗೋವಿಂದರಾಯರ ಮನೆಗೆ ಹೋದೆ. ಅವರು ಹೊಸ್ತಿಲ ಮೇಲೆ ನಿಂತು, "ತಪ್ಪು ತಿಳೀಬ್ಯಾಡ್ರಿ ರಾಯರ, ಮನೀಗೆ ಬೀಗರು ಬಂದಾರ" ಎಂದರು.

"ಯಾವಾಗ ಬಂದ್ರು?"

"ಇನ್ನೇನು ಬರ್ತಾರ."

ಡ್ರಾಯಿಂಗ್ ಮಾಸ್ತರರು ಹೆಚ್ಚು ಪ್ರಾಮಾಣಿಕರು. "ಮೋಟಾರದಾಗ ಕುಂತ್ರ ನನಗ ವಾಂತಿ ಆಕ್ಕೈತ್ರಿ" ಎಂದರು. ಹಿಂದೆ ಯಾವಾಗ ಕುಳಿತಿದ್ದಿರೆಂದು ಕೇಳಿದೆ. "ಇನ್ನೂ ಕುಂತಿಲ್ರಿ. ಅದಕ್ಕ ಹೆದರಿಕಿ" ಎಂದು ಬಾಗಿಲು ಮುಂದೆ ಮಾಡಿಕೊಂಡರು. ಅವರಿಬ್ಬರೂ ಕೆಟ್ಟವರಲ್ಲ. ನಾನು ಕರೆದಾಗ ಒಲ್ಲೆನೆನ್ನಲು ನಾಲಗೆ ಬಂದಿರಲಿಲ್ಲ, ಅಷ್ಟೇ. ರವಿವಾರದ ಬಿಸಿ ಊಟ, ಮಧ್ಯಾಹ್ನದ ನಿದ್ದೆ, ಮಡಿಲಲ್ಲಿ ಮಗು ಇವನ್ನೆಲ್ಲ ಬಿಟ್ಟು ಬಾವಲಿ ತುಂಬಿದ ಗುಡಿಗೆ ಯಾರು ಬರುತ್ತಾರೆ? ಇದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾದದ್ದು ಮೋಟಾರು ಬಾಗಿಲಿಗೆ ಬಂದ ಮೇಲೆ.

ಮರಳಿ ಮೋಟಾರಿಗೆ ಬಂದಾಗ ಬಾಬುಸಾಬ, "ಉಳದವ್ರ್ ಎಲ್ಲಿ ಸಾಹೇಬ್ರ?" ಎಂದ. ಬರುವುದಿಲ್ಲವೆಂದೆ. "ಒಬ್ರ?" ಎಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದ. ಮುಂದೆ ಅವನ ಪಕ್ಕದಲ್ಲಾದರೂ ಕೂಡೋಣವೆಂದರೆ ಅಲ್ಲಿ ಇದ್ದಿಲ ಚೀಲ ಕುಳಿತಿತ್ತು. ಹಿಂದಿನ ಅಗಲವಾದ ಸೀಟಿನಲ್ಲಿ ಒಮ್ಮೆ ಎಡಕ್ಕೆ ಕುಳಿತು ನೋಡಿದೆ, ಒಮ್ಮೆ ಬಲಕ್ಕೆ ಕುಳಿತು ನೋಡಿದೆ. ಎರಡೂ ಕಡೆ ಒಬ್ಬನೇ ಇದ್ದೆ. ಕೊನೆಗೆ ನಟ್ಟನಡುವೆ ಉತ್ಸವಮೂರ್ತಿಯ ಹಾಗೆ ಕುಳಿತು ಊರು ದಾಟಿದೆ.

ಮೊದಲ ಹಳ್ಳಿಯಲ್ಲಿ ಆದದ್ದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಆಗ ಸರಕಾರದವರು ರೈತರ ಮನೆಯ ಜೋಳ ಅಳೆದು ಲೆವ್ಹಿ ಎಂದು ಒಯ್ಯುತ್ತಿದ್ದ ಕಾಲ. ಕೋಟು, ರುಮಾಲು ಹಾಕಿದ ಒಬ್ಬ ಮನುಷ್ಯ ಹೊಗೆಯುಗುಳುವ ಮೋಟಾರಿನಿಂದ ಇಳಿದು ನೆಟ್ಟಗೆ ಹಾಳು ಗುಡಿಯ ಕಡೆಗೆ ನಡೆದರೆ ಜನ ಏನು ತಿಳಿಯಬೇಕು? ದಾರಿಯುದ್ದಕ್ಕೂ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಗುಡಿಯೊಳಗೆ ಕಾಲಿಟ್ಟರೆ ಶಿವಲಿಂಗದ ಸುತ್ತ ಛತ್ತಿನ ತನಕ ಜೋಳದ ಚೀಲಗಳು. ಒಬ್ಬ ಮುದುಕ ಓಡಿಬಂದು ಕೈಮುಗಿದ. "ಇದು ದೇವರ ಜ್ವಾಳರಿ ಸಾಹೇಬ್ರ. ದೇವರು ಭಾಳ ಉಣ್ತಾನ್ರಿ." ನಾನು ಜೋಳ ನೋಡಲು ಬಂದಿಲ್ಲ, ಕಂಬ ನೋಡಲು ಬಂದಿದ್ದೇನೆ ಎಂದೆ. ಅವನು ನಂಬಲಿಲ್ಲ. "ಕಂಬಾ ನೋಡಾಕ ಒಬ್ರ ಬಂದೀರಿ?" ಎಂದ. ಕಂಬ ನೋಡುವುದಕ್ಕೆ ಎಷ್ಟು ಜನ ಬೇಕಾಗುತ್ತದೆಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಚೀಲಗಳು ಕಂಬಗಳನ್ನೆಲ್ಲ ಮುಚ್ಚಿದ್ದವು. ಮುಂದಿನ ಊರಿನಲ್ಲಿ ಒಬ್ಬ ಗೃಹಸ್ಥರು ನನ್ನನ್ನು ತಮ್ಮ ಮಗಳನ್ನು ನೋಡಬರಬೇಕಾಗಿದ್ದ ವರನ ತಂದೆಯೆಂದು ತಿಳಿದು ಒಳಗೆ ಕರೆದು ಅವಲಕ್ಕಿ ಕೊಟ್ಟರು. ಅದು ತಿಳಿಯುವ ಹೊತ್ತಿಗೆ ನಾನು ಅರ್ಧ ತಿಂದಿದ್ದೆ. ವರನಲ್ಲ, ವರನ ತಂದೆ! ಉಳಿದರ್ಧ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಇಷ್ಟಾದ ಮೇಲೆ ಒಂದು ಮಠದ ಮುಂದೆ ಮೋಟಾರು ನಿಂತಿತು. ಊರಿಂದ ತುಸು ಹೊರಗೆ, ಕೆರೆಯ ಏರಿಯ ಕೆಳಗೆ, ಕಲ್ಲಿನ ದೊಡ್ಡ ಮಠ. ಒಂದು ಕಾಲಕ್ಕೆ ಸಾಧುಗಳು ಇರುತ್ತಿದ್ದ ಸಾಲು ಕೋಣೆಗಳಲ್ಲಿ ಈಗ ಹತ್ತಿಕಟ್ಟಿಗೆಯ ಹೊರೆ, ಒಂದು ಆಕಳು. ಜಗಲಿಯ ಮೇಲೆ ಎಪ್ಪತ್ತರ ಆಚೆಯ ಸ್ವಾಮಿಗಳು ಒಬ್ಬರೇ ಕುಳಿತಿದ್ದರು. ನಮ್ಮ ಕಡೆ ಸ್ವಾಮಿಗಳನ್ನು ಅಜ್ಜಾರು ಎನ್ನುತ್ತಾರೆ. ನಾನು ನಮಸ್ಕಾರ ಮಾಡಿ ಊರು ಹೇಳಿದೆ. ಅವರೂ, "ಒಬ್ರ ಬಂದೀರೇನು?" ಎಂದೇ ಕೇಳಿದರು. ಹೌದೆಂದೆ.

"ನಾನೂ ಒಬ್ಬನ ಅದೇನಿ. ಕುಂದರ್ರಿ" ಎಂದರು.

ಬೆಳಗಿನಿಂದ ಆ ಪ್ರಶ್ನೆ ಕೇಳಿದವರಲ್ಲಿ ಯಾರೂ ಹೀಗೆ ಅಂದಿರಲಿಲ್ಲ. ಕುಳಿತೆ. ಮಠ ಎಷ್ಟು ಹಳೆಯದೆಂದು ಕೇಳಿದೆ, ತಮಗೆ ಗೊತ್ತಿಲ್ಲವೆಂದರು. ಕಂಬದ ಮೇಲಿನ ಅಕ್ಷರ ಏನೆಂದು ಕೇಳಿದೆ; ಅದೂ ಗೊತ್ತಿಲ್ಲವೆಂದರು. ನಮ್ಮ ಅಜ್ಜನ ಮೊಮ್ಮಗನೆಂಬ ಹಮ್ಮಿನಲ್ಲಿ ನಾನೇ ಓದಲು ಹೋದೆ. ನನಗೂ ಬರಲಿಲ್ಲ. ಇಬ್ಬರೂ ನಕ್ಕೆವು. ಭಕ್ತರು ಬಹಳ ಬರುತ್ತಾರೇನು ಎಂದಾಗ ಅಜ್ಜಾರು, "ಕಾಲು ಮುಟ್ಟಾಕ ಊರೆಲ್ಲಾ ಬರ್ತೈತ್ರಿ. ಬಾಜೂ ಕುಂದ್ರಾಕ ಯಾರೂ ಬರಾಂಗಿಲ್ಲ" ಎಂದರು. ಆಮೇಲೆ ಮೋಟಾರನ್ನೇ ನೋಡುತ್ತ, "ಅದು ಮುಂದ ಯಾ ಕಡೆ ಹೊಕ್ಕೈತಿ?" ಎಂದು ಕೇಳಿದರು.

"ಹಂಸಭಾವಿ ಮ್ಯಾಲೆ ಹಿರೇಕೆರೂರ ಕಡೆ, ಅಜ್ಜಾರ."

ಅವರು ಒಳಗೆ ಹೋದರು. ನನ್ನ ಭೇಟಿ ಮುಗಿಯಿತೆಂದು ನಾನು ಎದ್ದೆ. ಹೊರಗೆ ಬಂದಾಗ ಅವರ ಕೈಯಲ್ಲಿ ಕೋಲಿತ್ತು, ಹೆಗಲ ಮೇಲೆ ಮಡಿಸಿದ ಕಾವಿ ವಸ್ತ್ರ. ನೆಟ್ಟಗೆ ಹೋಗಿ ಮೋಟಾರಿನಲ್ಲಿ ಕುಳಿತೇಬಿಟ್ಟರು. ಬಾಬುಸಾಬ ಗಾಬರಿಯಾಗಿ ಇದ್ದಿಲ ಚೀಲ ಎತ್ತತೊಡಗಿದ. "ಅಜ್ಜಾರು ಹಿಂದ ಒಬ್ರ ಕುಂದ್ರಲಿ. ನೀವು ಮುಂದ ಬರ್ರಿ ಸಾಹೇಬ್ರ, ಹಂಗ ಬಾಜೂ ಕುಂದ್ರಬಾರದು." ಅಜ್ಜಾರು ಕೋಲಿನಿಂದ ಸೀಟು ತಟ್ಟಿ, "ಚೀಲ ಅಲ್ಲೇ ಇರಲಿ. ರಾಯರು ಇಲ್ಲೇ ಕುಂದ್ರಲಿ" ಎಂದರು.

ಆ ಮೇಲಿನ ಪ್ರಯಾಣ ಬೇರೆಯೇ ಆಯಿತು. ಏರು ಬಂದಲ್ಲೆಲ್ಲ ಮೋಟಾರು ಉಸಿರು ಬಿಡುತ್ತಿತ್ತು. ಅಲ್ಲಿಯತನಕ ನಾನೇ ಇಳಿದು ನೂಕಿದ್ದೆ. ಈಗ ಕಾವಿ ಕಂಡ ಕೂಡಲೇ ಹೊಲದಲ್ಲಿದ್ದವರೆಲ್ಲ ಓಡಿಬಂದು ನೂಕಿದರು. ನೂಕಿದ ಮೇಲೆ ಅಡ್ಡಬಿದ್ದರು. ಅಡ್ಡಬೀಳಲು ಅನುಕೂಲವಾಗಲೆಂದು ಅಜ್ಜಾರು ಪಾದುಕೆ ಕಳಚಿದರೆ ಅದನ್ನು ಹಿಡಿದು ನಿಲ್ಲುವ ಕೆಲಸ ನನ್ನದಾಯಿತು. ಒಬ್ಬ ಹೆಣ್ಣುಮಗಳು ಸೆಕೆಗೆ ರುಮಾಲು ತೆಗೆದಿದ್ದ ನನ್ನ ಬೋಳುತಲೆ ನೋಡಿ, "ಇವರು ಮಠದ ಮರಿಗಳೇನ್ರಿ?" ಎಂದಳು. ಮರಿ ಎಂದರೆ ಮುಂದೆ ಪಟ್ಟಕ್ಕೆ ಬರುವ ಚಿಕ್ಕ ಸ್ವಾಮಿ. ಒಂದೇ ದಿನದಲ್ಲಿ ಲೆವ್ಹಿ ಸಾಹೇಬ, ವರನ ತಂದೆ, ಮಠದ ಮರಿ ಇಷ್ಟೂ ಆದೆ. ನಕಲು ಕಾರಕೂನನೆಂದು ಯಾರೂ ಗುರುತಿಸಲಿಲ್ಲ. ಅಜ್ಜಾರು ಮಾತ್ರ ಮಗ್ಗುಲಲ್ಲಿ ಕುಳಿತು, ಗಾಳಿಗೆ ಕಣ್ಣು ಕಿರಿದು ಮಾಡಿ, "ಜೋರು ಹೊಡೀ ಅನ್ರಿ ರಾಯರ" ಎನ್ನುತ್ತಿದ್ದರು.

ಹಂಸಭಾವಿ ದಾಟಿದ ಮೇಲೆ ಅವರು ಎಡಕ್ಕೆ ಒಂದು ಚಕ್ಕಡಿದಾರಿ ತೋರಿಸಿದರು. "ಆ ಊರಾಗ ಹಳೇ ಗುಡಿ ಐತಿ. ನೋಡೋಹಂಗೈತಿ." ನನಗೆ ಹುರುಪು ಬಂತು. ಹೋಗಿ ನೋಡಿದರೆ ನಾಲ್ಕು ಕಂಬ, ಮೇಲೆ ಆಕಾಶ, ನಡುವೆ ಒಂದು ಕಿವಿ ಮುರಿದ ಕಲ್ಲಿನ ಬಸವಣ್ಣ. ನಾನು ಕಷ್ಟಪಟ್ಟು ಅದರಲ್ಲಿ ಶಿಲ್ಪ ಹುಡುಕುತ್ತ ಸುತ್ತು ಹಾಕಿ ಬಂದೆ. ಅಜ್ಜಾರು ಬಸವಣ್ಣನ ಕಟ್ಟೆಯ ಮೇಲೆ ಕುಳಿತಿದ್ದರು, ಬಸವಣ್ಣನಿಗೆ ಬೆನ್ನು ಮಾಡಿ. ಅವರು ನೋಡುತ್ತಿದ್ದುದು ಎದುರಿನ ಮಣ್ಣಿನ ಮನೆಯನ್ನು.

"ಆ ಮನ್ಯಾಗ ಹುಟ್ಟೇನ್ರಿ" ಎಂದರು. "ಹಾಲಹಲ್ಲು ಬೀಳೂದರಾಗ ಮಠಕ್ಕ ಕೊಟ್ರು. ಮಠಕ್ಕ ಬಂದಾಂವಗ ಹಿಂದಿನ ಮನಿ ಇರಾಂಗಿಲ್ಲ. ಹೊಸ್ತಲಾ ತುಳಿಬಾರದು."

"ಒಳಗ ಯಾರದಾರ, ಅಜ್ಜಾರ?" ಎಂದೆ.

"ಅಕ್ಕ ಅದಾಳಂತ ಕೇಳೇನಿ. ಗಂಡ ಸತ್ತಮ್ಯಾಲೆ ಇಲ್ಲೇ ಬಂದಾಳಂತ. ಸಣ್ಣಾಂವಿದ್ದಾಗ ನನ್ನನ್ನ ಬಗಲಾಗ ಎತ್ತಿಕೊಂಡು ಅಡ್ಡಾಡಾಕಿ." ಕೋಲಿನಿಂದ ಆ ಬಾಗಿಲು ತೋರಿಸಿ, "ನೀವು ಹೋಗಿ ನೀರು ಕೇಳ್ರಿ. ನೀರು ಕೇಳಾಕ ಏನೂ ಅಡ್ಡಿಯಿಲ್ಲ" ಎಂದರು.

ಹೋಗಿ ಬಾಗಿಲು ಬಡಿದೆ. ಬೆನ್ನು ಬಾಗಿದ ಮುದುಕಿಯೊಬ್ಬಳು ಬಂದಳು. ನೀರು ಬೇಕೆಂದೆ. "ಒಬ್ರ ಬಂದೀರೇನಪಾ?" ಎಂದಳು.

"ಇಲ್ಲವಾ, ಇಬ್ರದೇವಿ" ಎಂದೆ. ಹೀಗೆನ್ನುವಾಗ ನನ್ನ ದನಿ ಬೇಕಾದದ್ದಕ್ಕಿಂತ ದೊಡ್ಡದಾಯಿತು.

ಅವಳು ನೀರಿನ ಬದಲು ಮಜ್ಜಿಗೆಯ ಚಂಬು ಹಿಡಿದು ಬಂದಳು. ಕಟ್ಟೆಯ ಮೇಲೆ ಕಾವಿ ಕಂಡದ್ದೇ ಸೆರಗು ತಲೆಗೆಳೆದುಕೊಂಡು, ಚಂಬು ಕೆಳಗಿಟ್ಟು ಅಡ್ಡಬಿದ್ದಳು. ಅಕ್ಕ ತಮ್ಮನ ಕಾಲಿಗೆ ಬಿದ್ದಿದ್ದಳು. ಅಜ್ಜಾರ ಕೈ ಅವಳ ತಲೆಯ ಮೇಲೆ ಹೋಯಿತು, ಅಲ್ಲೇ ಇತ್ತು. ಯಾವ ಮಠ ಎಂದು ಅವಳು ಕೇಳಿದಳು. "ಹಾನಗಲ್ಲ ಕಡೆ" ಎಂದರು. ಅವಳು ಅವರ ಮುಖ ನೋಡುತ್ತ ಕುಳಿತಳು. ಅವರು ಮಜ್ಜಿಗೆ ಕುಡಿದರು; ಚಂಬು ಬರಿದಾದ ಮೇಲೂ ಬಾಯಿಂದ ತೆಗೆಯಲಿಲ್ಲ. ನನ್ನ ಬಾಯಿ ತಡೆಯಲಿಲ್ಲ. "ಅವ್ವಾ, ಇವರು ಯಾರಂದ್ರ..." ಎಂದುಬಿಟ್ಟೆ.

"ರಾಯರ, ಒಲಿ ಆರಿತೇನು ನೋಡ್ರಿ" ಎಂದರು ಅಜ್ಜಾರು, ಚಂಬು ಕೆಳಗಿಟ್ಟು. ದನಿ ಮೆತ್ತಗಿತ್ತು, ಆದರೆ ನಾನು ಹೋಗಿ ಉರಿಯುತ್ತಿದ್ದ ಒಲೆಯನ್ನೇ ಮತ್ತೊಮ್ಮೆ ಊದಿದೆ. ಹೊಗೆ ಕಣ್ಣಿಗೆ ಬಂತು, ಒಳ್ಳೆಯದೇ ಆಯಿತು.

ಹೊರಡುವಾಗ ಮುದುಕಿ ಮೋಟಾರಿನ ತನಕ ಬಂದಳು. ಅಜ್ಜಾರು ಹತ್ತಿ ಕುಳಿತರು. ಅವಳು ಬಾಗಿಲು ಹಿಡಿದು ನಿಂತು, ಕೈ ಮುಗಿಯುವುದು ಮರೆತು, "ಬಿಸಲು ಭಾಳೈತಿ. ತಲಿಮ್ಯಾಲ ಬಟ್ಟಿ ಹಾಕ್ಕೋ" ಎಂದಳು.

ಹಾಕ್ಕೋರಿ ಎನ್ನಲಿಲ್ಲ. ಹಾಕ್ಕೋ ಎಂದಳು. ಅಜ್ಜಾರು ಚಿಕ್ಕ ಹುಡುಗನಂತೆ ಹೆಗಲ ಮೇಲಿನ ವಸ್ತ್ರ ತೆಗೆದು ತಲೆಗೆ ಹಾಕಿಕೊಂಡರು. ಬಾಬುಸಾಬನಿಗೆ ಸಿಟ್ಟು ಬಂದಿತ್ತು. ಊರು ದಾಟುತ್ತಲೇ, "ಅಜ್ಜಾರ ಮುಂದ ಹೆಂಗ ಮಾತಾಡಬೇಕು ಅನ್ನೂದು ಆ ಮುದುಕೀಗೆ ಗೊತ್ತಿಲ್ಲ ನೋಡ್ರಿ" ಎಂದ. ಅಜ್ಜಾರು, "ಆಕೀಗೆ ಗೊತ್ತೈತಿ, ಹೊಡೀಪಾ ನೀ" ಎಂದರು. ಹಿರೇಕೆರೂರಿಗೆ ನಾವು ಹೋಗಲೇ ಇಲ್ಲ. ಹೋಗಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ. ಮರಳಿ ಮಠದ ಮುಂದೆ ಅವರನ್ನು ಇಳಿಸಿದಾಗ ಬಿಸಿಲು ಯಾವಾಗಲೋ ಹೋಗಿತ್ತು. ವಸ್ತ್ರ ಇನ್ನೂ ತಲೆಯ ಮೇಲೇ ಇತ್ತು.

ಸೋಮವಾರ ಕಚೇರಿಯಲ್ಲಿ ಗೋವಿಂದರಾಯರು, "ಏನೇನ ನೋಡಿದ್ರಿ ರಾಯರ?" ಎಂದರು. ಒಂದು ಕಿವಿ ಮುರಿದ ಬಸವಣ್ಣನನ್ನು ನೋಡಿದೆನೆಂದೆ. ಅಷ್ಟಕ್ಕಾಗಿ ಇಡೀ ಮೋಟಾರು ಮಾಡಿಕೊಂಡು ಹೋದೆನೆಂದು ಅವರು ಬೇಲೀಫನನ್ನು ಕರೆದು ಹೇಳಿ ನಕ್ಕರು. ನಾನು ನಕಲು ಬರೆಯುತ್ತ ಕುಳಿತೆ. ಬರೆಯುತ್ತ ಬರೆಯುತ್ತ ಒಂದು ವಿಚಾರ ಬಂತು. ಈ ಊರಿನಲ್ಲಿ ಎಲ್ಲರೂ ನನಗೆ ಮರ್ಯಾದೆ ಕೊಡುತ್ತಾರೆ. ಬರ್ರಿ ರಾಯರ, ಕುಂದರ್ರಿ ರಾಯರ, ಹೋಗಿಬರ್ರಿ ರಾಯರ. ಬಾ, ಕುಂದರು, ಉಣ್ಣು ಎನ್ನುವವರು ಭೂಮಿಯ ಮೇಲೆ ಒಬ್ಬರೂ ಉಳಿದಿಲ್ಲ. ಅಜ್ಜಾರಿಗಾದರೂ ಒಬ್ಬ ಅಕ್ಕನಿದ್ದಳು.

ನಾನು ಊಟ ಮಾಡುವ ಖಾನಾವಳಿಯನ್ನು ಗಂಗಾಬಾಯಿ ಎಂಬ ಹಿರಿಯಳು ನಡೆಸುತ್ತಿದ್ದಳು. ನನ್ನ ತಾಯಿಯ ವಯಸ್ಸು, ದೊಡ್ಡ ಕೈ, ಅಂತಃಕರಣದ ಹೆಂಗಸು. ಅಂದು ಊಟಕ್ಕೆ ಕುಳಿತಾಗ, ಬೇರೆಯವರೆಲ್ಲ ಎದ್ದುಹೋದದ್ದನ್ನು ನೋಡಿಕೊಂಡು, ಧೈರ್ಯ ಮಾಡಿ, "ಗಂಗಾಬಾಯಿ, ನೀವು ನನಗ ರೀ ಹಚ್ಚಬ್ಯಾಡ್ರಿ. ಉಣ್ಣು ಅನ್ರಿ, ಸಾಕು" ಎಂದೆ. ಅವಳು ಸಾರಿನ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ಬಹಳ ಹೊತ್ತು ನೋಡಿದಳು. ತನ್ನಿಂದ ಏನೋ ದೊಡ್ಡ ಅಪಮಾನವಾಗಿರಬೇಕು, ಅದಕ್ಕೇ ಇವರು ಹೀಗೆ ಚುಚ್ಚಿ ಮಾತಾಡುತ್ತಿದ್ದಾರೆ ಎಂದುಕೊಂಡಳೆಂದು ಕಾಣುತ್ತದೆ. ಮರುದಿನ ನಾನು ಹೋದಾಗ ಬಾಗಿಲ ತನಕ ಎದುರಿಗೆ ಬಂದು, ಎರಡೂ ಕೈ ಜೋಡಿಸಿ, "ಬರಬೇಕ್ರಿ ರಾವಸಾಹೇಬ್ರ" ಎಂದಳು.