ಬೀಗರ ಮುಂದೆ ಬೆನ್ನು ನೆಟ್ಟಗೆ

"ಆರೇ ದಿನ! ಭಾನುವಾರದ ಹೊತ್ತಿಗೆ ಈ ಮನೆಯಲ್ಲಿ ಬಗ್ಗಿದ ಬೆನ್ನು ಅಂತ ಒಂದೂ ಇರಬಾರದು!"

ಕಡಲತೀರದ ಸೂಸ್ ಪಟ್ಟಣದ ಹಳೇ ಪೇಟೆಯಲ್ಲಿ ಕೈಗಡಿಯಾರ ರಿಪೇರಿ ಮಾಡುವ ಮುನ್ಸಿಫ್ ಎಂಬಾತ ಹೀಗೆ ಘೋಷಿಸಿದ್ದು ಒಂದು ಸೋಮವಾರ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಎದೆ ಮುಂದೆ, ಭುಜ ಹಿಂದೆ, ಗದ್ದ ಒಳಗೆ! ದಂಡಯಾತ್ರೆಗೆ ಹೊರಟ ಸೇನಾಧಿಪತಿಯ ಠೀವಿ! ಹೆಂಡತಿ ವಸೀಲಾ ಮೀನು ಹೆಚ್ಚುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಭಾನುವಾರ ಮಗಳು ದುರ್ರಾನ ಕೇಳೋಕೆ ಹುಡುಗನ ಮನೆಯವರು ಬರ್ತಿದ್ದಾರೆ. ಗೋಡೆಗೆ ಸುಣ್ಣ ಹೊಡಿಯೋದು ನೋಡಿ ಮೊದಲು. ಬೆನ್ನಿನ ವಿಷಯ ಆಮೇಲೆ."

"ಸುಣ್ಣ ಯಾರು ಬೇಕಾದ್ರೂ ಹೊಡೀತಾರೆ ಕಣೇ! ಬೆನ್ನು ನೆಟ್ಟಗೆ ಮಾಡೋರು ಯಾರು?"

ಅವನ ಉತ್ಸಾಹಕ್ಕೆ ಕಾರಣವಿತ್ತು. ಇಪ್ಪತ್ತಾರು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಗಾತ್ರದ ತಿರುಪುಗಳ ಮೇಲೆ ಬಗ್ಗಿ ಬಗ್ಗಿ ಮುನ್ಸಿಫ್ ಪ್ರಶ್ನಾರ್ಥಕ ಚಿಹ್ನೆಯಾಗಿಬಿಟ್ಟಿದ್ದ. ಬೆಳಿಗ್ಗೆ ಅವನಿಗಿಂತ ಅರ್ಧ ನಿಮಿಷ ಮೊದಲೇ ಅವನ ಕತ್ತು ಅಂಗಡಿ ತಲುಪುತ್ತಿತ್ತು! ಸೀನಿದರೆ ಸೊಂಟ ಹಿಡಿಯುತ್ತಿತ್ತು, ನಕ್ಕರೆ ಕತ್ತು. ಆ ಬೆನ್ನು ಇಷ್ಟು ವರ್ಷ ಕುಡಿದ ಆಲಿವ್ ಎಣ್ಣೆಯಲ್ಲಿ ಒಂದು ಮದುವೆಯ ಅಡುಗೆಯನ್ನೇ ಮುಗಿಸಬಹುದಿತ್ತು. ಮಗಳು ದುರ್ರಾ ಚಿಕ್ಕವಳಿದ್ದಾಗ ಒಮ್ಮೆ ಶಾಲೆಯಿಂದ ಬಂದು, "ಬಾಬಾ, ನೀವು ಯಾವಾಗಲೂ ಏನು ಹುಡುಕ್ತಾ ನಡೀತೀರಿ?" ಅಂತ ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ಮುನ್ಸಿಫ್ ಕೂಡ ನಕ್ಕಿದ್ದ. ಆದರೆ ಆ ಮಾತು ಒಳಗೆಲ್ಲೋ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

ಆ ಸೋಮವಾರ ಬೆಳಿಗ್ಗೆ ನೋವು ತಾಳಲಾರದೆ ಆಸ್ಪತ್ರೆಗೆ ಹೋಗಿದ್ದ. ಅಲ್ಲಿ ವ್ಯಾಯಾಮ ಚಿಕಿತ್ಸೆ ಕೊಡುವ ಇಬ್ತಿಸಾಮ್ ಎಂಬ ಹುಡುಗಿ ಅವನನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು. ಹಿಮ್ಮಡಿ ಗೋಡೆಗೆ ತಾಗಿತು, ಬೆನ್ನು ತಾಗಿತು, ತಲೆ ಮಾತ್ರ ನಾಲ್ಕು ಬೆರಳು ದೂರ! ಅವಳು ಮೆಲ್ಲಗೆ ಗದ್ದ ಹಿಂದೆ ತಳ್ಳಿ, ಕಿವಿಯನ್ನು ಭುಜದ ನೇರಕ್ಕೂ ಭುಜವನ್ನು ಸೊಂಟದ ನೇರಕ್ಕೂ ತಂದಳು. ಎರಡೇ ನಿಮಿಷ. ನೋವು ಮಾಯ! ಮುನ್ಸಿಫ್‌ಗೆ ಕಣ್ಣು ತುಂಬಿಬಂತು.

"ಇಷ್ಟೇನಾ? ನೆಟ್ಟಗೆ ನಿಂತ್ರೆ ಆಯ್ತಾ?"

"ನೆಟ್ಟಗೆ ಅಂದ್ರೆ ಸೆಟೆದುಕೊಂಡು ಅಂತಲ್ಲ ಯಜಮಾನ್ರೇ. ನಿಧಾನವಾಗಿ, ದಿನಾ ಹತ್ತು ನಿಮಿಷ..." ಅಂತ ಅವಳು ಶುರುಮಾಡುವಷ್ಟರಲ್ಲಿ ಯಜಮಾನರು ಬಾಗಿಲು ದಾಟಿ ಬೀದಿಯಲ್ಲಿದ್ದರು!

ಮಂಗಳವಾರ ಸುಧಾರಣೆ ಆರಂಭವಾಯಿತು. ಟಿವಿ ಬೀರುವಿನ ಮೇಲೇರಿತು. ಕತ್ತು ತಗ್ಗಿಸಬಾರದಲ್ಲ! ವಾರ್ತೆ ಓದುವವಳು ಅಂದಿನಿಂದ ಆಕಾಶವಾಣಿಯಾದಳು. ಬುಧವಾರ ಅಡುಗೆಮನೆಯ ಮೇಜಿನ ಕಾಲಿಗೆ ಇಟ್ಟಿಗೆ ಬಿತ್ತು. ಮುನ್ಸಿಫ್ ಅಳತೆ ತೆಗೆದದ್ದು ತನ್ನ ಸೊಂಟಕ್ಕೆ, ಅಡುಗೆ ಮಾಡುವವಳು ಅವನ ಭುಜಕ್ಕೂ ಬಾರದ ವಸೀಲಾ. ಈರುಳ್ಳಿ ಅವಳ ಗಲ್ಲದ ಎತ್ತರಕ್ಕೆ ಬಂದು ಕೂತಿತು.

"ಹೆಚ್ಚೋಕೆ ಮುಂಚೆನೇ ಕಣ್ಣೀರು ಬರ್ತಿದೆ ರೀ!"

"ಬರಲಿ ಬಿಡು, ಕತ್ತು ನೋಯ್ತಿದೆಯಾ?"

"ಕತ್ತಲ್ಲ, ಕೈ! ಕುಸ್ಕುಸ್ ಬೇಯಿಸೋ ಪಾತ್ರೆ ಇಳಿಸೋಕೆ ಏಣಿ ತರಿಸ್ತೀರಾ?"

ಗುರುವಾರ ಬಂತು ನೋಡಿ ಮಹಾಕ್ರಾಂತಿ! ನಡುಮನೆಯ ಸೋಫಾದೊಳಗಿನ ಸ್ಪಂಜೆಲ್ಲ ಕಿತ್ತು, ಒಳಗೆ ಮರದ ಹಲಗೆ ಜೋಡಿಸಿ, ಮೇಲೆ ಅದೇ ಜರಿಯ ಹೊದಿಕೆ ಹೊಲಿಸಿಬಿಟ್ಟ. ಮೆತ್ತನೆಯ ಆಸನವೇ ಬೆನ್ನಿನ ಶತ್ರು ಅಂತ ಅವನ ಸಿದ್ಧಾಂತ. ನೋಡಲು ಮೊದಲಿನದೇ ಮೆತ್ತನೆಯ ಸೋಫಾ, ಕೂತವರಿಗೆ ಮಾತ್ರ ಗೊತ್ತು!

ಮನೆಯೆಲ್ಲ ನೆಟ್ಟಗಾಯಿತು. ಒಬ್ಬನ ಬೆನ್ನು ಮಾತ್ರ ಆಗಲಿಲ್ಲ, ಅದು ಮುನ್ಸಿಫ್‌ನದೇ! ಐದು ನಿಮಿಷ ಠೀವಿಯಿಂದ ನಿಲ್ಲುತ್ತಿದ್ದ, ಆರನೇ ನಿಮಿಷಕ್ಕೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿದ್ದ. ಶನಿವಾರ ಅವನಿಗೆ ಚಿಂತೆ ಹತ್ತಿತು. ಬರುತ್ತಿರುವ ಬೀಗರು ಎಂಥವರು? ಹುಡುಗನ ಅಪ್ಪ ಹಾಜ್ ಶಾದ್ಲಿ ಮೂವತ್ತು ವರ್ಷ ಮೀನುಗಾರಿಕೆ ಹಡಗು ನಡೆಸಿದ ಕಪ್ತಾನ. ಧ್ವಜಸ್ತಂಭದ ಹಾಗೆ ನಿಲ್ಲುವ ಮನುಷ್ಯ ಅಂತ ಊರೆಲ್ಲ ಹೇಳುತ್ತಿತ್ತು. ಅಂಥವನೆದುರು ಏನೋ ಹುಡುಕುತ್ತಿರುವವನ ಹಾಗೆ ನಿಲ್ಲುವುದೇ? ಒಬ್ಬಳೇ ಮಗಳ ಅಪ್ಪ!

ಆಗ ಹೊಳೆಯಿತು ಉಪಾಯ! ಹಿತ್ತಲಲ್ಲಿದ್ದ ಉದ್ದ ಪೊರಕೆಯ ಕೋಲನ್ನು ಬಿಚ್ಚಿ, ಸೊಂಟದಿಂದ ಕತ್ತಿನವರೆಗಿನ ಅಳತೆಗೆ ಗರಗಸದಿಂದ ಕತ್ತರಿಸಿದ. ಭಾನುವಾರ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಬೆನ್ನಿಗೆ ಆನಿಸಿ, ವಸೀಲಾಳ ಗುಲಾಬಿ ಹೂವಿನ ಎರಡು ತಲೆವಸ್ತ್ರಗಳಿಂದ ಬಿಗಿದು, ಮೇಲೆ ಅಂಗಿ, ಅದರ ಮೇಲೆ ಕೋಟು ಹಾಕಿದ. ಕನ್ನಡಿ ನೋಡಿದ. ಆಹಾ! ಸಾಕ್ಷಾತ್ ರಾಜ!

ವಸೀಲಾ ಕೂಡ ಬೆರಗಾದಳು. "ಇದೇನ್ರೀ, ನಿಜವಾಗ್ಲೂ ನೆಟ್ಟಗಾಗಿಬಿಟ್ಟಿದ್ದೀರಿ!"

"ಸಾಧನೆ!" ಅಂದ ಮುನ್ಸಿಫ್, ತಲೆ ಅಲ್ಲಾಡಿಸದೆ.

ಬಾಗಿಲು ತಟ್ಟಿದ ಸದ್ದು. ಕಪ್ತಾನ ಹಾಜ್ ಶಾದ್ಲಿ, ಅವನ ಹೆಂಡತಿ ನಜೀಹಾ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗ ಲಸಾದ್ ಒಳಗೆ ಬಂದರು. ಕಪ್ತಾನ ಧ್ವಜಸ್ತಂಭವೇ ಸರಿ, ಆದರೆ ಬಹಳ ಗಿಡ್ಡ ಸ್ತಂಭ! ಇಬ್ಬರು ಅಪ್ಪಂದಿರೂ ಕೆನ್ನೆಗೆ ಕೆನ್ನೆ ತಾಗಿಸಲು ಮುಂದೆ ಬಂದರು. ಮುನ್ಸಿಫ್ ಬಗ್ಗಲೆಂದು ಕಪ್ತಾನ ಕೆಳಗೆ ಕಾದ. ಕಪ್ತಾನ ಚಾಚಿಕೊಳ್ಳಲೆಂದು ಮುನ್ಸಿಫ್ ಮೇಲೆ ಕಾದ. ಕೊನೆಗೆ ಕಪ್ತಾನನ ಮೀಸೆ ಹೋಗಿ ಅಂಟಿದ್ದು ಮುನ್ಸಿಫ್‌ನ ಅಂಗಿಯ ಎರಡನೇ ಗುಂಡಿಗೆ!

"ಸ್ವಲ್ಪ ಬಗ್ಗಿ ರೀ!" ವಸೀಲಾ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

"ಬಗ್ಗೋ ಕಾಲ ಮುಗೀತು ಕಣೇ!"

ಕಪ್ತಾನನ ಮುಖ ಕಪ್ಪಿಟ್ಟಿತು. ಹೆಂಡತಿಯ ಕಡೆ ತಿರುಗಿ, "ಹುಡುಗಿಯ ಅಪ್ಪ ಬಹಳ ಎತ್ತರದ ಜನ, ನಮ್ಮಂಥೋರು ಕಣ್ಣಿಗೆ ಕಾಣಲ್ಲ," ಅಂದ. ನಜೀಹಾ ಸಮಾಧಾನ ಹೇಳುತ್ತ, ಆ ಜರಿಯ ಸೋಫಾದ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಧೊಪ್ಪನೆ ಕೂತಳು.

"ಯಾ ಲತೀಫ್, ದೇವರೇ! ಸೊಂಟ!"

"ಅಮ್ಮಾವ್ರೇ, ಗಾಬರಿ ಬೇಡಿ," ಅಂದ ಮುನ್ಸಿಫ್ ಛಾವಣಿ ನೋಡುತ್ತ. "ಅದು ಹಲಗೆ. ಬೆನ್ನುಮೂಳೆಗೆ ಬಹಳ ಹಿತ!"

"ಮನೆಗೆ ಬಂದೋರನ್ನ ಹಲಗೆ ಮೇಲೆ ಕೂರಿಸ್ತೀರಾ?" ಕಪ್ತಾನ ಗುಡುಗಿದ. ಸಿಟ್ಟಿನಲ್ಲಿ ತಟ್ಟನೆ ತಿರುಗಿದ ಭರಕ್ಕೆ ಅವನ ತಲೆಯ ಕೆಂಪು ಉಣ್ಣೆಯ ಟೋಪಿ ಜಾರಿ ಸರಿಯಾಗಿ ಮುನ್ಸಿಫ್‌ನ ಪಾದದ ಬಳಿ ಬಿತ್ತು.

ಕಾಫಿ ತಟ್ಟೆ ಹಿಡಿದು ಬಂದ ದುರ್ರಾ ಬಾಗಿಲಲ್ಲೇ ನಿಂತಳು. ತಟ್ಟೆಯಲ್ಲಿದ್ದ ಖರ್ಜೂರದ ಮಕ್ರೂದ್ ಸಿಹಿಯ ಘಮ ಬಿಟ್ಟರೆ ಬೇರೇನೂ ಅಲುಗಲಿಲ್ಲ. ಟೋಪಿ ಎತ್ತಿಕೊಡಬೇಕಾದವನು ಮನೆಯ ಯಜಮಾನ. ಮುನ್ಸಿಫ್ ಕಣ್ಣುಗುಡ್ಡೆಗಳನ್ನು ಮಾತ್ರ ಕೆಳಗಿಳಿಸಿ ಟೋಪಿ ನೋಡಿದ. ಕಪ್ತಾನನೂ ನೋಡಿದ. ಇಬ್ಬರೂ ಬಗ್ಗಲಿಲ್ಲ!

"ಟೋಪಿ ಹಾಕೋರನ್ನ ಬೇಕಾದಷ್ಟು ನೋಡಿದ್ದೀನಿ," ಅಂದ ಕಪ್ತಾನ. "ಬಿದ್ದ ಟೋಪಿ ಎತ್ತದೋರನ್ನ ಇವತ್ತೇ ನೋಡಿದ್ದು! ಲಸಾದ್, ನಡಿ. ಈ ಸಂಬಂಧ ಬೇಡ."

ದುರ್ರಾಳ ಕಣ್ಣು ತುಂಬಿದ್ದು ಮುನ್ಸಿಫ್‌ಗೆ ಕಾಣಿಸಿತು. ಅಷ್ಟೇ! ಠೀವಿ ಹಾಳಾಗಲಿ, ಮಾನ ಹಾಳಾಗಲಿ ಅಂದುಕೊಂಡು ಇದ್ದ ಬಲವನ್ನೆಲ್ಲ ಹಾಕಿ ಟೋಪಿಯ ಕಡೆ ಬಗ್ಗಿದ.

ಫಟಾರ್!

ಬೆನ್ನೊಳಗಿಂದ ಬಂದ ಆ ಸದ್ದಿಗೆ ಪಕ್ಕದ ಮನೆಯ ಕಿಟಕಿಯೂ ತೆರೆಯಿತು. ಮುನ್ಸಿಫ್ ಬೋರಲಾಗಿ ಕಾರ್ಪೆಟ್ ಮೇಲೆ ಬಿದ್ದಿದ್ದ.

"ಅಯ್ಯೋ! ಬೆನ್ನು ಮುರೀತು!" ನಜೀಹಾ ಚೀರಿದಳು.

ಲಸಾದ್ ಒಂದೇ ನೆಗೆತಕ್ಕೆ ಬಂದು ಕೋಟಿನ ಮೇಲೆ ಕೈಯಾಡಿಸಿದ. ಮುಖ ಬಿಳಚಿಕೊಂಡಿತು. "ಯಾರೂ ಅಲ್ಲಾಡಿಸಬೇಡಿ! ಬೆನ್ನುಮೂಳೆ ಎರಡು ತುಂಡಾಗಿದೆ! ಒಳಗೇ ಆಡ್ತಿದೆ!"

ಕಪ್ತಾನನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕಂಬ ಉರುಳಿದ ಹಾಗೆ ನೆಲಕ್ಕೆ ಉರುಳಿ ಮುನ್ಸಿಫ್‌ನ ಕೈ ಹಿಡಿದುಕೊಂಡ. "ನನ್ನ ಹಾಳು ಟೋಪಿಗೋಸ್ಕರ ಒಬ್ಬ ದೊಡ್ಡ ಮನುಷ್ಯ ಬೆನ್ನು ಮುರ್ಕೊಂಡ್ನಲ್ಲಪ್ಪಾ! ನನ್ನನ್ನ ಕ್ಷಮಿಸಿ ಅಣ್ಣಾ!"

"ಮೂಳೆ ಅಲ್ಲ..." ಕಾರ್ಪೆಟ್ ಒಳಗಿಂದ ಮುನ್ಸಿಫ್‌ನ ದನಿ ಬಂತು. "ಪೊರಕೆ..."

"ತಲೆಗೂ ಪೆಟ್ಟು ಬಿದ್ದಿದೆ! ಪೊರಕೆ ಅಂತ ಕನವರಿಸ್ತಿದ್ದಾರೆ!" ಅಂದ ಲಸಾದ್.

ದುರ್ರಾ ಅಳುತ್ತ ಕತ್ತರಿ ತಂದುಕೊಟ್ಟಳು. ಲಸಾದ್ ಕೋಟು ಕತ್ತರಿಸಿದ, ಅಂಗಿ ಕತ್ತರಿಸಿದ. ಗುಲಾಬಿ ಹೂಗಳು ಅರಳಿದವು. ಗಂಟು ಬಿಚ್ಚಿದ. ಒಳಗಿಂದ ಒಂದಾದ ಮೇಲೊಂದು, ಹಸಿರು ಬಣ್ಣದ ಎರಡು ಮರದ ತುಂಡು!

ಮೊದಲು ಬಾಯಿಬಿಟ್ಟವಳು ವಸೀಲಾ.

"ನನ್ನ ಪೊರಕೆ ಕೋಲು! ಬೆಳಿಗ್ಗೆಯೆಲ್ಲ ಹುಡುಕಿ ಹುಡುಕಿ, ಕೊನೆಗೆ ಇಡೀ ಮನೆ ಬಗ್ಗಿ ಬಗ್ಗಿ ಗುಡಿಸಿದೆನಲ್ರೀ! ನಿಮ್ಮ ಬೆನ್ನು ನೆಟ್ಟಗಾಗೋಕೆ ನನ್ನ ಬೆನ್ನು ಬಗ್ಗಬೇಕಾ?"

"ಅಂದ್ರೆ," ನಜೀಹಾ ಸೊಂಟ ಸವರಿಕೊಳ್ಳುತ್ತ ಎದ್ದಳು, "ಪೊರಕೆ ಇಟ್ಕೊಂಡು ಕಾಯ್ತಿದ್ರಾ ನಮ್ಮನ್ನ?"

"ಹಾಗಲ್ಲ ಅಮ್ಮಾವ್ರೇ! ಕಪ್ತಾನರ ಮುಂದೆ ಗೂನು ಬೆನ್ನಲ್ಲಿ ನಿಲ್ಲೋಕೆ ನಾಚಿಕೆ ಆಯ್ತು. ಮಗಳು ತಲೆ ತಗ್ಗಿಸೋ ಹಾಗಾಗಬಾರದಲ್ಲ..." ಅಂದ ಮುನ್ಸಿಫ್, ಹೊರಳಿ ಅಂಗಾತ ಮಲಗಿ. ಹರಿದ ಅಂಗಿ, ಎರಡು ಹೋಳಾದ ಕೋಟು. ದುರ್ರಾ ಅಪ್ಪನ ಪಕ್ಕ ಕೂತು ಅವನ ಹಣೆಯ ಮೇಲೆ ಕೈಯಿಟ್ಟಳು. "ನಿಮ್ಮ ಬೆನ್ನು ಹೇಗಿದ್ರೂ ನಂಗೆ ಯಾವತ್ತೂ ನಾಚಿಕೆ ಇಲ್ಲ ಬಾಬಾ," ಅಂದಳು.

ನಜೀಹಾ ಗಂಡನ ಕಡೆ ತಿರುಗಿದಳು. "ನೀವು ಏಳಿ ಇನ್ನು."

ಕಪ್ತಾನ ಏಳಲಿಲ್ಲ.

"ಏಳೋಕಾಗಲ್ಲ," ಅಂದ ಮೆಲ್ಲಗೆ.

"ಹಾಗಾದ್ರೆ ಹೇಳಿಬಿಡಿ ಅವರಿಗೆ!"

ಕಪ್ತಾನ ಕೆಮ್ಮಿದ. ಆ ಕಡೆ ಈ ಕಡೆ ನೋಡಿದ. ಆಮೇಲೆ ಕೋಟಿನ ಅಂಚು ಎತ್ತಿದ. ಎದೆಯಿಂದ ಸೊಂಟದವರೆಗೆ ಕಬ್ಬಿಣದ ಪಟ್ಟಿಗಳಿದ್ದ ದಪ್ಪನೆಯ ಬೆಲ್ಟು, ಅದಕ್ಕೆ ನಾಲ್ಕು ಬಕಲು!

"ಮೂರು ವರ್ಷ ಆಯ್ತು. ಬಲೆ ಎಳೆದೂ ಎಳೆದೂ ಸೊಂಟ ಹೋಯ್ತು. ಊರೋರು ಠೀವಿ ಅಂದ್ಕೊಂಡಿದ್ದಾರೆ, ನಾನೂ ಸುಮ್ನಿದ್ದೀನಿ. ಬಗ್ಗೋಕಾಗಿದ್ರೆ ನನ್ನ ಟೋಪಿ ನಾನೇ ಎತ್ಕೋತಿರಲಿಲ್ವಾ ಅಣ್ಣಾ?"

ಮೊದಲು ನಕ್ಕವನು ಲಸಾದ್. ಆಮೇಲೆ ದುರ್ರಾ. ಆಮೇಲೆ ಮನೆಗೆ ಮನೆಯೇ! ಇಬ್ಬರು ಅಪ್ಪಂದಿರೂ ಒಬ್ಬರ ಕೈ ಒಬ್ಬರು ಹಿಡಿದು, "ನಗಿಸಬೇಡಿ, ನೋಯ್ತದೆ! ಅಯ್ಯೋ, ನೋಯ್ತದೆ!" ಅನ್ನುತ್ತ ಹೊಟ್ಟೆ ಕುಣಿಸಿದರು. ಅವರನ್ನು ಎಬ್ಬಿಸುವ ಪ್ರಯತ್ನ ಎರಡು ಸಲ ನಡೆದು ಎರಡು ಸಲವೂ ಸೋತಿತು. ಹಾಗಾಗಿ ಹೆಂಗಸರೇ ದಿಂಬು ತಂದು ನೆಲದ ಮೇಲೆ ಕೂತರು, ಕಾಫಿಯೂ ಮಕ್ರೂದೂ ಅಲ್ಲಿಗೇ ಬಂದವು. ನಿಶ್ಚಿತಾರ್ಥದ ದಿನ ಗೊತ್ತಾದದ್ದು ಅಲ್ಲೇ. ಮಲಗಿದಲ್ಲೇ ಇಬ್ಬರೂ ಅಂಗೈ ಬಿಚ್ಚಿ ಪ್ರಾರ್ಥನೆ ಹೇಳಿದರು. ವಸೀಲಾ ನಾಲಿಗೆ ಆಡಿಸುತ್ತ ಹಾಕಿದ ಹರ್ಷದ ಕೂಗು ಸಮುದ್ರದವರೆಗೆ ಕೇಳಿಸಿರಬೇಕು!

ಸಂಜೆ ಕಪ್ತಾನನನ್ನು ಹೇಗೋ ಎಬ್ಬಿಸಿ, ಬೀಗರನ್ನು ಕಳಿಸಿ ಬಂದ ವಸೀಲಾ, ಗೋಡೆಗೆ ಒರಗಿ ಕೂತಿದ್ದ ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬುದ್ಧಿ ಬಂತಾ? ಬೀಗರ ಮುಂದೆ ಬೀಗೋದಲ್ಲ ರೀ, ಬಾಗೋದು!"

ಮುನ್ಸಿಫ್‌ಗೆ ನಿಜವಾಗಿಯೂ ನಾಚಿಕೆಯಾಗಿತ್ತು. "ತಪ್ಪಾಯ್ತು ಕಣೇ. ನೋಡು, ನಿನ್ನ ಮುಂದೆ ತಲೆ ಬಗ್ಗಿಸ್ತೀನಿ," ಅಂದ.

ಅವಳು ಕಾದಳು. ಅವನು ಛಾವಣಿಯನ್ನೇ ನೋಡುತ್ತಿದ್ದ.

"ಬಗ್ಗಿಸಿ ಮತ್ತೆ!"

"ಬಗ್ಗಿಸ್ತಾನೇ ಇದ್ದೀನಿ ಕಣೇ!" ಅಂದ ಮುನ್ಸಿಫ್ ಅಳುದನಿಯಲ್ಲಿ. "ಕತ್ತು ಹಿಡ್ಕೊಂಡಿದೆ!"