ಅಕ್ಕನ ಮನೆ ನಲ್ಲಿ ಕಿತ್ತ ಮಾವ

ಸ್ವಂತ ಅಕ್ಕನ ಮನೆಗೆ ಬರುವ ನೀರನ್ನೇ ನಿಲ್ಲಿಸಿದ ಮಹಾನುಭಾವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು ಬಂತು, ಅವರು ನನ್ನ ಸೋದರಮಾವ! ಊರಿನ ಹೆಸರು ಬೇಡ. ರೈಲು ಹಿಡಿಯಲು ಮಾಲೂರಿಗೆ ಓಡುವ ಪುಟ್ಟ ಪಟ್ಟಣ ಅಂದರೆ ಸಾಕು. ಅಲ್ಲಿ ನಮ್ಮ ಮಾವ ಪುರಸಭೆಯಲ್ಲಿ ಗುತ್ತಿಗೆ ಮೇಲೆ ನೀರಿನ ಬಿಲ್ ವಸೂಲಿ ಮಾಡುವವರು.

ನೀರಿನ ದರ ಏರಿದಾಗ ಊರಿಗೆ ಊರೇ ಬೈಯಿತು. ಮಾವ ಒಬ್ಬರೇ "ಇನ್ನೂ ಏರಿಸಬೇಕಿತ್ತು" ಅಂದರು! ಮದುವೆ ಮನೆಯಲ್ಲಿ ಉಂಡೆದ್ದು ಕೈ ತೊಳೆಯುತ್ತಿದ್ದವರ ನಲ್ಲಿ ನಿಲ್ಲಿಸಿ ಉಪನ್ಯಾಸ ಶುರು ಮಾಡುತ್ತಿದ್ದರು: "ಮುಂಚೆ ಬೋರ್ ಹಾಕಿದ್ರೆ ನೀರು ಮೇಲೇ ಸಿಗ್ತಿತ್ತು. ಈಗ ಪಾತಾಳಕ್ಕೆ ಇಳೀಬೇಕು. ಅಲ್ಲಿಂದ ನೀರೇನು ಮೆಟ್ಟಿಲು ಹತ್ಕೊಂಡು ಬರುತ್ತಾ? ಮೋಟ್ರು ಬೇಕು. ಮೋಟ್ರಿಗೆ ಕರೆಂಟು ಬೇಕು. ಕರೆಂಟೇನು ನಿಮ್ಮ ಮಾವನ ಮನೆಯಿಂದ ಬರುತ್ತಾ?" ಎಂಜಲು ಕೈಯಲ್ಲಿ ನಿಂತವರು ಏನು ವಾದ ಮಾಡಿಯಾರು! ಬಾಕಿದಾರರನ್ನು ಹುಡುಕಿಕೊಂಡು ಮಾಲೂರು ಸ್ಟೇಷನ್‌ಗೂ ಹೋಗುತ್ತಿದ್ದರು. ಇವರು ಹೇಳುವ ಒಡೆದ ಪೈಪಿನ ಕಥೆ ಕೇಳುತ್ತಾ ನಿಂತು ಒಬ್ಬ ಮೇಷ್ಟ್ರು ರೈಲು ತಪ್ಪಿಸಿಕೊಂಡರು. "ರೈಲಿಗೆ ಮಾತ್ರ ತಪ್ಪದೆ ಪಾಸ್ ಮಾಡಿಸ್ತೀರಲ್ಲ ಸಾರ್, ನೀರಿಗೆ ಯಾಕಿಲ್ಲ?" ಅಂತ ಅದರ ಮೇಲೆ ಇವರದೇ ಪ್ರಶ್ನೆ!

ನಗು ನಿಂತದ್ದು ನಮ್ಮ ಬೀದಿಯಲ್ಲಿ. ವಾರಕ್ಕೊಮ್ಮೆ ಬರುವ ನೀರಿಗೆ ಹೊಸ ದರ ಕೊಡುವುದಿಲ್ಲ ಎಂದು ಬೀದಿಯವರೆಲ್ಲ ಪಟ್ಟು ಹಿಡಿದರು. ಮುಂದೆ ನಿಂತವಳು ನಮ್ಮಮ್ಮ. ಬಾಕಿ ಇರುವವರ ನಲ್ಲಿ ಕೀಳಿ ಎಂದು ಮೇಲಿನವರು ಹೇಳಿದ ದಿನ ಮಾವ ಸ್ಪ್ಯಾನರ್ ಹಿಡಿದು ಮೊದಲು ನಮ್ಮ ಮನೆಗೇ ಬಂದರು.

"ಏನ್ಲಾ, ನನ್ ಮನೇದೇ ಸಿಕ್ತಾ ನಿನಗೆ?" ಎಂದಳು ಅಮ್ಮ.

"ಬೇರೆಯೋರ ಮನೆಗೆ ಹೋದ್ರೆ ಮೊದ್ಲು ನಿಮ್ಮಕ್ಕನ ಮನೇದು ಕೀಳು ಅಂತಾರೆ ಅಕ್ಕಯ್ಯಾ. ಕಿತ್ತೇ ಹೋಗ್ತೀನಿ."

ಕಿತ್ತರು. "ಇನ್ನು ಈ ಕಡೆ ತಲೆ ಹಾಕ್ಬೇಡ" ಎಂದಳು ಅಮ್ಮ. ಬೇಸಿಗೆ ಪೂರ್ತಿ ಟ್ಯಾಂಕರ್ ನೀರು ಕೊಂಡಳೇ ಹೊರತು ಬಿಲ್ ಕಟ್ಟಲಿಲ್ಲ. ಬೀದಿಯಲ್ಲಿ ತಮ್ಮ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಮಾವನಿಗೆ ಇರುವುದು ಒಬ್ಬಳೇ ಅಕ್ಕ. ಅಜ್ಜಿ ತೀರಿಕೊಂಡ ಮೇಲೆ ಅವರನ್ನು ಸಾಕಿದವಳೂ ಇವಳೇ. ಅವರು ಸೊರಗುತ್ತಾ ಹೋದರು, ಇವಳು ಊಟಕ್ಕೆ ಕೂತು ತುತ್ತು ಮುಟ್ಟದೆ ಏಳುತ್ತಿದ್ದಳು. ನನಗಂತೂ ಇಬ್ಬರ ಮೇಲೂ ಸಿಟ್ಟು.

ಗೌರಿ ಹಬ್ಬ ಬಂತು. ತವರಿನ ಸೀರೆ ತರುವವರು ಮಾವನೇ. ಯಾವ ವರ್ಷವೂ ತಪ್ಪಿಸಿದವರಲ್ಲ. ಆ ಬೆಳಿಗ್ಗೆಯೂ ಬಂದು ಅಂಗಳದಲ್ಲಿ ನಿಂತರು. ಕೈಯಲ್ಲಿ ಸೀರೆ ಇಲ್ಲ. ಹೆಗಲ ಮೇಲೆ ತಮ್ಮ ಮನೆ ನಲ್ಲಿಯಲ್ಲಿ ಹಿಡಿದ ಒಂದು ಕೊಡ ನೀರು.

"ಗೌರಮ್ಮನ ಕಳಸಕ್ಕೆ ಟ್ಯಾಂಕರ್ ನೀರು ಬೇಡ ಅಕ್ಕಯ್ಯಾ. ಸೀರೆ ತರೋಕಾಗ್ಲಿಲ್ಲ. ಯುಗಾದಿಯಿಂದ ಸಂಬಳ ಆಗಿಲ್ಲ. ವಸೂಲಾಗಿದ್ದೆಲ್ಲ ಮೋಟ್ರಿನ ಕರೆಂಟ್ ಬಾಕಿಗೇ ಹೋಗ್ತೈತೆ."

ಅಮ್ಮ ದಂಗಾದಳು. "ಅವತ್ತೇ ಬಾಯ್ಬಿಟ್ಟು ಹೇಳೋಕೇನಾಗಿತ್ತೋ? ನಾನು ಕಟ್ತಿರ್ಲಿಲ್ವಾ?"

"ನನಗೋಸ್ಕರ ಅಂತ ಕಟ್ತಿದ್ದೆ ನೀನು. ನೀರಿಗೋಸ್ಕರ ಕಟ್ಲಿ ಅಂತ ಹೇಳ್ಲಿಲ್ಲ."

ಇಂಥವರಿಗೆ ಏನು ಹೇಳೋಣ, ನೀವೇ ಹೇಳಿ! ಅಮ್ಮ ಅಂಗಳಕ್ಕಿಳಿದು ಕೊಡವನ್ನು ಎರಡೂ ಕೈಯಲ್ಲಿ ಇಸಕೊಂಡಳು.

"ಈ ವರ್ಷದ ಸೀರೆ ಇದೇ ಅಂದ್ಕೊತೀನಿ. ಒಳಗೆ ಬಾ. ಎಷ್ಟು ಬಡವಾಗಿದ್ದೀಯೋ, ನನ್ನಪ್ಪಾ."