ಕಂಪೌಂಡರ್ ಸಾಹೇಬರ ಮಂಗಳವಾರದ ಗಾಡಿ

ರೈಲಿರುವ ಊರಿನವರಿಗೆ ರೈಲಿನ ಕತೆಗಳು ಕಡಿಮೆ. ನಮ್ಮ ಬಸವಕಲ್ಯಾಣದಂಥ ರೈಲೇ ಇಲ್ಲದ ಊರಿನವರಿಗೆ ವಾರಕ್ಕೊಂದು ಹುಟ್ಟುತ್ತದೆ. ನಾವು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹಿಡಿದು ಹುಮನಾಬಾದಿಗೆ ಹೋಗಬೇಕು. ಬಸ್ಸಿನಲ್ಲಿ ಅರ್ಧ ಕತೆ ತಯಾರಾಗುತ್ತದೆ, ಉಳಿದರ್ಧವನ್ನು ಪ್ಲಾಟ್‌ಫಾರ್ಮಿನಲ್ಲಿ ಕೂತು ಮುಗಿಸುತ್ತೇವೆ. ಗಾಡಿಯೂ ಅಷ್ಟು ಪುರುಸೊತ್ತು ಕೊಡುತ್ತದೆ, ಸುಳ್ಳು ಹೇಳಬಾರದು.

ನಾನು ಸೋಮವಾರಕ್ಕೊಮ್ಮೆ ಶಾವಿಗೆ-ಹಪ್ಪಳದ ಗಂಟು ಹೊತ್ತು ಜಹೀರಾಬಾದಿನ ಅಂಗಡಿಗೆ ಹಾಕಿ ಬರುವವಳು. ಕಲಬುರಗಿ ಕಡೆಯಿಂದ ಬಂದು, ಹುಮನಾಬಾದಿನಲ್ಲಿ ನಮ್ಮನ್ನು ಎತ್ತಿಕೊಂಡು, ಬೀದರ ದಾಟಿ, ತೆಲಂಗಾಣದೊಳಗೆ ಹೋಗುವ ಪ್ಯಾಸೆಂಜರ್ ಗಾಡಿ ಅದು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಸ್ಟೇಶನ್ನಿನ ಬೋರ್ಡು ಓದಲಿಕ್ಕೆ ಹೊತ್ತು ಹಿಡಿಯುತ್ತದೆ. ಮಂದಿಯ ಮುಖ ಓದಲಿಕ್ಕೆ ಹಿಡಿಯುವುದಿಲ್ಲ.

೧. ಮರೆತ ಬುತ್ತಿ

ನಮ್ಮ ಪಕ್ಕದ ಮನೆಯಾಕೆಗೆ ಹಿಟ್ಟಿನ ಗಿರಣಿ ಇದೆ. ಗಂಡ ಜಹೀರಾಬಾದಿನಲ್ಲಿ ಒಬ್ಬ ಮುದಿ ಡಾಕ್ಟರರ ಹತ್ತಿರ ಕಂಪೌಂಡರ್. ಈ ಗಾಡಿ ಶುರುವಾದಾಗಿನಿಂದ ಭಾನುವಾರ ಒಂದು ಬಿಟ್ಟು ದಿನಾ ಹೋಗಿ ಬರುವ ಮನುಷ್ಯ. ಮುಂಜಾನೆ ಸ್ನಾನ, ಮುಖಕ್ಕೆ ಪೌಡರು, ಕೈಯಲ್ಲಿ ಬುತ್ತಿ, ಮೊದಲ ಬಸ್ಸು. ಗಡಿಯಾರ ಕೆಟ್ಟ ಮನೆಯವರು ಇವರನ್ನು ನೋಡಿ ಚಹಾ ಇಡುತ್ತಿದ್ದರು.

ಒಂದು ಮಂಗಳವಾರ ಬುತ್ತಿ ಮನೆಯಲ್ಲೇ ಉಳಿಯಿತು. ಹೆಂಡತಿ ಪಾಪ, ಗಂಡ ಉಪವಾಸ ಬೀಳುತ್ತಾನೆ ಅಂತ ದವಾಖಾನೆಗೇ ಫೋನು ಹಚ್ಚಿದಳು. ಎತ್ತಿದವನು ವಾಚ್‌ಮನ್.

"ಕಂಪೌಂಡರ್ ಇವತ್ತ್ಯಾಕ ಬರ್ತಾರ್ರಿ? ಡಾಕ್ಟರ್ ಸಾಬರಿಗಿ ವಯಸ್ಸಾತು. ಮೂರು ತಿಂಗಳಾತು, ಸೋಮವಾರ ಮತ್ತ ಗುರುವಾರ ಎರಡೇ ದಿನ ಬಾಗಲಾ ತೆಗೀತೀವಿ."

ಹಿಟ್ಟು ಹತ್ತಿದ ಕೈಯಲ್ಲೇ ಆಕೆ ನನ್ನ ಮನೆಗೆ ಓಡಿ ಬಂದಳು. "ಯಕ್ಕಾ, ವಾರದಾಗ ಎರಡು ದಿನ ಕೆಲಸ. ಉಳದ ನಾಕು ದಿನ ಇವ್ರು ಎಲ್ಲಿಗಿ ಹೋಗಾಕತ್ತಾರ?"

"ಅವರಿಗೇ ಕೇಳಬೇಕಲ್ಲ?"

"ಕೇಳಿದ್ರ ಸುಳ್ಳು ಹೇಳ್ತಾರ. ನೀವು ಪತ್ತಾ ಹಚ್ಚಿ ಬರ್ರಿ. ಅಲ್ಲಿ ಇನ್ನೊಂದು ಮನಿ ಮಾಡ್ಯಾರಂದ್ರ ನಾ ಟ್ರಂಕ್ ಕಟ್ಟಿ ಘಾಟಬೋರಾಳಕ್ಕ ತವರಿಗಿ ಹೋಗಾಕಿ. ಮತ್ತ ಈ ಹೊಸ್ತಿಲಾ ತುಳ್ಯಂಗಿಲ್ಲ."

"ಛೇ ತಂಗಿ, ಮಂದಿ ಸಂಸಾರದಾಗ ನಾ ಯಾಕ ತಲಿ ಹಾಕಲಿ?" ಅಂದೆ. ಹಾಗೆನ್ನುತ್ತಲೇ, ಮೊದಲ ಬಸ್ಸು ಎಷ್ಟು ಗಂಟೆಗೆ ಅಂತಲೂ ಕೇಳಿದೆ.

೨. ಎಲ್ಲಿಗೆ ತಿಕೀಟು?

ಮುಂದಿನ ಮಂಗಳವಾರ ಕಂಪೌಂಡರ್ ಬಸ್ಸಿನ ಮುಂದಿನ ಸೀಟಿನಲ್ಲಿ, ನಾನು ಕಟ್ಟಕಡೆಯ ಸೀಟಿನಲ್ಲಿ ಮೂಗಿನವರೆಗೆ ಸೆರಗೆಳೆದುಕೊಂಡು. ನಮ್ಮ ಬಸ್ಸಿನ ಕಂಡಕ್ಟರ್ ದೊಡ್ಡ ಮನುಷ್ಯ. ಸ್ಟೇಶನ್ನಿನ ಮುಂದೆ ಚಹಾ ಮಾರುವವನಿಗೆ ದಾರಿಯಲ್ಲೇ ಫೋನು ಮಾಡುತ್ತಾನೆ. "ಗಾಡಿ ಎಲ್ಲಿ ಅದನೋ?" ಅಂತ ಕೇಳಿ, "ಇನ್ನೂ ಕಮಲಾಪುರ ದಾಟಿಲ್ಲ" ಅಂತ ಉತ್ತರ ಬಂದರೆ ಬಸ್ಸು ನಿಲ್ಲಿಸಿ ಎಲ್ಲರಿಗೂ ನಾಷ್ಟಾ ಮಾಡಲಿಕ್ಕೆ ಹೇಳುತ್ತಾನೆ. ಸರ್ಕಾರ ಬರೆದು ಹಚ್ಚಿದ ಟೈಂಟೇಬಲ್ ಗೋಡೆಯ ಮೇಲಿದೆ. ನಮ್ಮ ಟೈಂಟೇಬಲ್ ಚಹಾದವನ ಬಾಯಲ್ಲಿದೆ.

ಹುಮನಾಬಾದಿನಲ್ಲಿ ಕಂಪೌಂಡರ್ ಪಾಸು ಇಟ್ಟುಕೊಂಡವರ ಗತ್ತಿನಲ್ಲಿ ಸೀದಾ ಒಳಗೆ ಹೋದರು. ನಾನು ತಿಕೀಟಿನ ಕಿಡಕಿಗೆ ನಿಂತೆ.

"ಎಲ್ಲಿಗಿ, ಆಯಿ?" ಅಂದ ತಿಕೀಟಿನವನು.

"ಅಲ್ಲಿ ಕನ್ನಡಕ ಹಾಕ್ಕೊಂಡು ನಿಂತಾರ ನೋಡಪ್ಪಾ, ಅವರು ಎಲ್ಲಿ ಇಳೀತಾರೋ ಅಲ್ಲಿಗಿ."

"ಅವರು ಎಲ್ಲಿ ಇಳೀತಾರ?"

"ಅದು ಗೊತ್ತಿದ್ರ ನಾ ಮನ್ಯಾಗ ಕೂತು ಶಾವಿಗಿ ಹೊಸೀತಿದ್ದೆ."

"ಆಯಿ, ಊರಿನ ಹೆಸರು ಹೇಳಬೇಕು. ಮನುಷ್ಯಾರ ಹೆಸರಿಗಿ ತಿಕೀಟು ಕೊಡಾಕ ಬರಂಗಿಲ್ಲ."

ಹಿಂದೆ ಸಾಲು ಬೆಳೆಯಿತು. ಗಾಡಿಯ ಕೂಗು ಕೇಳಿಸಿತು. ಸಾಲಿನಲ್ಲಿದ್ದ ತಲೆಗೆ ಪಟಕ ಸುತ್ತಿದ ಒಬ್ಬ ಮುದುಕ ಮುಂದೆ ಬಾಗಿ ಹೇಳಿದ: "ಜಹೀರಾಬಾದಿಗಿ ಕೊಟ್ಟುಬಿಡ್ರಿ ಸಾಹೇಬ್ರ. ಗಂಡಸರು ಬಾನಗಡಿ ಮಾಡೋದು ಯಾವಾಗಲೂ ರಾಜ್ಯ ದಾಟಿದ ಮ್ಯಾಲೇ. ಇಲ್ಲಿ ಎಲ್ಲಾರೂ ಗುರ್ತಿನವರು ಇರ್ತಾರ."

ಅನುಭವಸ್ಥ. ನಾನು ಮರುಮಾತಾಡದೆ ಜಹೀರಾಬಾದಿಗೇ ತೆಗೆಸಿದೆ.

೩. ಹೆಂಗಸರ ಡಬ್ಬಿ

ಹೆಂಗಸರ ಡಬ್ಬಿಯಲ್ಲಿ ನನ್ನ ಹಳೆಯ ಜೊತೆಗಾತಿ, ಬಳೆ ಮಾರುವ ಖಾಲಾ ಕೂತಿದ್ದಳು. ಸೋಮವಾರದ ಮುದುಕಿ ಮಂಗಳವಾರ ಯಾಕೆ ಬಂದಳು ಅಂತ ಆಕೆಗೆ ಶಕ್ ಬಂತು. ಬಳೆ ಮಾರುವವಳ ಮುಂದೆ ಎಷ್ಟಂತ ಮುಚ್ಚಿಡುವುದು? ಯಾರ ಮುಂದೆಯೂ ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿ, ಇದ್ದದ್ದಷ್ಟೇ ಹೇಳಿದೆ. ಕಂಪೌಂಡರ್ ನಾಲ್ಕು ದಿನ ಎಲ್ಲಿಗೆ ಹೋಗುತ್ತಾರೋ ಪತ್ತೆ ಇಲ್ಲ ಅಂತ, ಅಷ್ಟೇ.

"ತೋಬಾ ತೋಬಾ! ನಾ ಯಾಕ ಹೇಳ್ಲಿ ಅಕ್ಕಾ?" ಅಂದಳು ಖಾಲಾ. ಅಂದು ಆ ಕಡೆ ತಿರುಗಿದಳು.

ಹಳ್ಳಿಖೇಡ ಬರುವ ಹೊತ್ತಿಗೆ ಕಂಪೌಂಡರಿಗೆ ಇನ್ನೊಬ್ಬ ಹೆಂಗಸು ಆಗಿದ್ದಳು. ಮುಂದಿನ ಸ್ಟೇಶನ್ನಿನಲ್ಲಿ ಆಕೆಗೆ ಎರಡು ಮಕ್ಕಳು. ಅದರ ಮುಂದಿನ ಸ್ಟೇಶನ್ನಿನಲ್ಲಿ ಹಿರಿಯದು ಸಾಲಿಗೆ ಹೋಗುತ್ತಿತ್ತು, ತಂದೆಯಂಥದೇ ಮೂಗು. ಈ ಗಾಡಿಯಲ್ಲಿ ಮಕ್ಕಳು ಬೆಳೆಯುವಷ್ಟು ಜಲ್ದಿ ಗಾಡಿ ಓಡಿದ್ದರೆ ನಾವು ಎಂದೋ ಹೈದರಾಬಾದು ಮುಟ್ಟುತ್ತಿದ್ದೆವು.

ಬೀದರಿನಲ್ಲಿ ಪಕ್ಕದ ಡಬ್ಬಿಯಿಂದ ಒಬ್ಬ ಹೆಣ್ಣುಮಗಳು ಇಳಿದು ನಮ್ಮ ಡಬ್ಬಿಗೆ ಹತ್ತಿದಳು. ನನ್ನ ಪಕ್ಕದಲ್ಲೇ ಕೂತು, ಕಿವಿಯ ಹತ್ತಿರ ಬಾಯಿ ತಂದಳು.

"ಆಯಿ, ಖಬರ್ ಗೊತ್ತೇನು? ಆ ಕಂಪೌಂಡರ್ ಇಟ್ಟುಕೊಂಡಾಕಿ ಇದೇ ಗಾಡ್ಯಾಗ ಅದಾಳಂತ. ಕಲ್ಯಾಣದಾಕಿ. ಮುದುಕಿ ಅಂತ ನೋಡು! ಮಾರಿಗಿ ಸೆರಗು ಹಾಕ್ಕೊಂಡು ಬಸ್ಸಿನಿಂದ ಅವನ ಬೆನ್ನು ಹತ್ತಿ ಬಂದಾಳಂತ. ಆ ವಯಸ್ಸಿಗಿ ಇದೆಂಥಾ ಚಟಾ?"

ನಾನು ಮೆಲ್ಲಗೆ ಸೆರಗನ್ನು ಮೂಗಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡೆ.

"ಹೌದವ್ವಾ, ಮಂದಿಗಿ ನಾಚಿಕಿ ಅನ್ನೋದೇ ಉಳದಿಲ್ಲ" ಅಂದೆ. ಮತ್ತೇನು ಅನ್ನಲಿ?

೪. ಬಿಸಿನೀರು

ಬೀದರ ದಾಟಿ ಒಂದು ಸಣ್ಣ ಸ್ಟೇಶನ್ನಿನಲ್ಲಿ ಗಾಡಿ ನಿಂತಿತು. ಅಲ್ಲಿ ಎದುರಿನ ಗಾಡಿ ಬಂದು ಪಾರಾಗುವವರೆಗೆ ನಮ್ಮದು ಜಾಗ ಬಿಟ್ಟು ನಿಲ್ಲಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಹೊಸಬರು ಕೈಗಡಿಯಾರ ನೋಡಿ ಒದ್ದಾಡುತ್ತಾರೆ. ಹಳಬರು ಕೆಳಗಿಳಿದು ಬೇವಿನ ಕಡ್ಡಿ ಮುರಿಯುತ್ತಾರೆ.

ನಾನೂ ಇಳಿದು, ಕಂಪೌಂಡರ್ ಇದ್ದ ಡಬ್ಬಿಯ ಕಿಡಕಿಯಲ್ಲಿ ಹಣಿಕಿ ಹಾಕಿದೆ. ಅಲ್ಲಿ ಕಂಡದ್ದು ಹೆಂಗಸಲ್ಲ, ದರ್ಬಾರು. ಕಿಡಕಿ ಪಕ್ಕದ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ನಮ್ಮ ಕಂಪೌಂಡರ್ ಕೂತಿದ್ದಾರೆ. ಎದುರಿಗೆ ನಾಲ್ಕು ಮಂದಿ ಸಾಲಾಗಿ ನಾಲಿಗೆ ಚಾಚಿದ್ದಾರೆ.

"ಡಾಕ್ಟರ್ ಸಾಬ್, ಹೊಟ್ಟಿ ಉಬ್ಬರಸ್ತದ."

"ಬಿಸಿನೀರು ಕುಡೀರಿ. ಮುಂದಿನವರು?"

"ಡಾಕ್ಟರ್ ಸಾಬ್, ನನಗ ಮಣಕಾಲು."

"ಬಿಸಿನೀರು."

"ನಂದು ತಬ್ಯೇತಿ ಬರೋಬ್ಬರಿ ಅದ್ರಿ. ಮಗಳಿಗಿ ಎರಡು ವರ್ಷದಿಂದ ಗಂಡು ಕೂಡವಲ್ದು."

ಕಂಪೌಂಡರ್ ಕಣ್ಣು ಮುಚ್ಚಿ ವಿಚಾರ ಮಾಡಿದರು. "ಹುಡುಗಿಗಿ ಮುಂಜಾನೆದ್ದು ಬಿಸಿನೀರು ಕೊಡ್ರಿ. ಮಾರಿಗಿ ಕಳಾ ಬರ್ತದ."

ಅಷ್ಟರಲ್ಲಿ ಇಬ್ಬರು ಸೀಟಿಗೆ ಜಗಳ ಹಚ್ಚಿದರು. ಒಬ್ಬ ಹೊರಗಿನಿಂದ ಕಿಡಕಿಯಲ್ಲಿ ಟವೆಲ್ ಒಗೆದು ಸೀಟು ಹಿಡಿದಿದ್ದ. ಇನ್ನೊಬ್ಬ ಅದರ ಮೇಲೇ ಕೂತಿದ್ದ. ಇಬ್ಬರೂ ಫೈಸ್ಲಾ ಕೇಳಲಿಕ್ಕೆ ಬಂದರು. ಕಂಪೌಂಡರ್ ಹೇಳಿದರು: "ಮೊದಲು ಬಂದದ್ದು ಟವೆಲ್. ಅದಕ್ಕ ಟವೆಲ್ ಕೂಡಲಿ. ನೀವಿಬ್ಬರೂ ನಿಂದರ್ರಿ."

"ವಾಹ್ ಡಾಕ್ಟರ್ ಸಾಬ್!" ಅಂತ ಡಬ್ಬಿಗೆ ಡಬ್ಬಿಯೇ ಅಂದಿತು. ಆ ಇಬ್ಬರೂ ಬಾಯಿ ಮುಚ್ಚಿ ಎದ್ದು ನಿಂತರು.

ನಾನು ಕಣ್ಣುಜ್ಜಿ ನೋಡಿದೆ. ಮನೆಯಲ್ಲಿ ಈ ಮನುಷ್ಯ ಸಾರಿನಲ್ಲಿ ಉಪ್ಪು ಕಡಿಮೆ ಅನ್ನಬೇಕಾದರೆ ಹೆಂಡತಿ ಗಿರಣಿ ಚಾಲೂ ಮಾಡುವವರೆಗೆ ಕಾಯುತ್ತಾನೆ, ಆ ಸಪ್ಪಳದಲ್ಲಿ ಆಕೆಗೆ ಕೇಳಿಸಬಾರದು ಅಂತ.

೫. ಇನ್ನೊಂದು ಮನೆ

ಜಹೀರಾಬಾದಿನಲ್ಲಿ ಕಂಪೌಂಡರ್ ಇಳಿದರು. ನಾನೂ ಇಳಿದು ಒಂದು ಕಂಬದ ಹಿಂದೆ ನಿಂತೆ. ಅವರು ನಳಕ್ಕೆ ಹೋಗಿ ಮುಖ ತೊಳೆದರು. ಕಿಸೆಯಿಂದ ಹಣಿಗೆ ತೆಗೆದು ಕೂದಲು ಬಾಚಿದರು. ಈಗ ಬರುತ್ತಾಳೆ ನೋಡು, ಆ ಮಹಾತಾಯಿ!

ಯಾರೂ ಬರಲಿಲ್ಲ. ಅವರು ಒಂದು ಬೆಂಚಿನ ಮೇಲೆ ಕೂತು, ಬುತ್ತಿ ಬಿಚ್ಚಿ, ಹೆಂಡತಿ ಕಟ್ಟಿಕೊಟ್ಟ ರೊಟ್ಟಿ-ಪುಂಡಿಪಲ್ಯ ಉಂಡರು. ಕೈ ತೊಳೆದರು. ಕಾಲು ಚಾಚಿ ಒಂದು ನಿದ್ದೆ ತೆಗೆದರು. ಬೀದರ ಕಡೆಗೆ ಹೋಗುವ ಗಾಡಿ ಬರುತ್ತದೆ ಅಂತ ಮೈಕಿನಲ್ಲಿ ಕೂಗಿದ್ದೇ ಎದ್ದು, ಆ ಪ್ಲಾಟ್‌ಫಾರ್ಮಿಗೆ ನಡೆದರು.

ನನಗೆ ತಡೆಯಲಿಲ್ಲ. ಅಡ್ಡ ಹೋಗಿ ನಿಂತೆ. "ಎಲ್ಲದರಿ ನಿಮ್ಮ ಇನ್ನೊಂದು ಮನಿ?"

"ಯಾವ ಮನಿ ಯಕ್ಕಾ? ನೀವು ಇಲ್ಲಿ ಹ್ಯಾಂಗ?"

"ನಾಕು ದಿನ ಎಲ್ಲಿಗಿ ಹೋಗ್ತೀರಿ ಅಂತ ನಿಮ್ಮ ಮನಿಯಾಕಿ ಅಳಾಕತ್ತಾಳ."

ಅವರು ಬುತ್ತಿ ಕೆಳಗಿಟ್ಟು ಅಲ್ಲೇ ಕೂತರು. "ಎಲ್ಲಿಗೂ ಹೋಗಂಗಿಲ್ಲ ಯಕ್ಕಾ. ಇಲ್ಲಿ ತನಕ ಬರ್ತೀನಿ, ಹೊಳ್ಳಿ ಹೋಗ್ತೀನಿ. ದವಾಖಾನಿ ಎರಡೇ ದಿನ ಅಂತ ಹೇಳಿದ್ರ ಆಕಿ ನನ್ನ ಗಿರಣ್ಯಾಗ ಕೂಡಸ್ತಾಳ. ಹಿಟ್ಟು ಹಿಡಿ, ಪಟ್ಟಾ ಹಾಕು, ಅದು ಮಾಡು, ಇದು ಮಾಡು. ಗಾಡ್ಯಾಗ ನೋಡ್ರಿ, ಎರಡು ರಾಜ್ಯದ ಮಂದಿ ನನಗ ಎದ್ದು ನಿಂತು ಸಲಾಂ ಮಾಡ್ತಾರ. ಮನ್ಯಾಗ ಬೆಕ್ಕು ಸೈತ ಜಾಗಾ ಬಿಡಂಗಿಲ್ಲ."

ಕೈ ಮುಗಿದರು. "ಆಕಿ ಮುಂದ ಬಾಯಿ ಬಿಡಬ್ಯಾಡ್ರಿ."

ಮಾತು ಕೊಟ್ಟೆ. ಕೊಟ್ಟ ಮಾತನ್ನು ಹುಮನಾಬಾದಿನ ಬಸ್‌ಸ್ಟ್ಯಾಂಡಿನವರೆಗೂ ಉಳಿಸಿಕೊಂಡೆ. ಅಲ್ಲಿ ಫೋನಿಗೆ ಸಿಗ್ನಲ್ ಬಂತು.

೬. ಮನೆಯವರು ಏನು ಮಾಡುತ್ತಾರೆ?

ನಾನು ಮನೆ ಮುಟ್ಟುವ ಹೊತ್ತಿಗೆ ಆಕೆ ಕಟ್ಟಿದ ಟ್ರಂಕಿನ ಮೇಲೇ ಕೂತಿದ್ದಳು. ಫೋನಿನಲ್ಲಿ ಹೇಳಿದ್ದರ ಮೇಲೆ ನಂಬಿಕೆ ಇರಲಿಲ್ಲ.

"ಹೆಣ್ಣು ಇಲ್ಲೇನು, ಯಕ್ಕಾ?"

"ಇಲ್ಲ ತಂಗಿ."

"ಬರೋಬ್ಬರಿ ನೋಡಿದ್ರಿ?"

"ಕಂಬದ ಹಿಂದ ನಿಂತು ನೋಡೀನಿ. ಬರೇ ರೈಲು."

ಆಕೆ ಈಗ ಮೊದಲಿಗಿಂತ ಜೋರಾಗಿ ಅತ್ತಳು. "ಹೆಣ್ಣಿದ್ರ ಜುಟ್ಟು ಹಿಡಿದು ಎಳೀತಿದ್ದೆ. ರೈಲಿಂದು ಏನು ಹಿಡೀಲಿ? ಅಣ್ಣಗ ಫೋನು ಮಾಡೀನಿ, ಅವ ಜೀಪು ತಗೊಂಡು ಬರ್ತೀನಿ ಅಂದಾನ. ನನ್ನ ಗಂಡ ಒಂದು ಬೆಂಚಿನ ಮ್ಯಾಲ ಮಲಗತಾನ ಅಂತ ಹ್ಯಾಂಗ ಹೇಳಲಿ?"

ಜೀಪು ಬರುವುದನ್ನು ತಪ್ಪಿಸಿದಳು. ಗಂಡನಿಗೆ ಏನೂ ಅನ್ನಲಿಲ್ಲ. ಮುಂದಿನ ಮಂಗಳವಾರ ಗಿರಣಿಗೆ ಬೀಗ ಹಾಕಿ, ಹಿಂದಿನ ಬಾಗಿಲಿನಿಂದ ಬಸ್ಸು ಹತ್ತಿದಳು. ತುಂಬಿದ ಡಬ್ಬಿಯಲ್ಲಿ, ನಾಲಿಗೆ ಚಾಚಿದವರ ಎದುರಿಗೇ ಕೊರಳಪಟ್ಟಿ ಹಿಡಿದು ಇಳಿಸಿಕೊಂಡು ಬರುತ್ತೇನೆ ಅಂತ ನನ್ನ ಮುಂದೆ ಆಣೆ ಮಾಡಿದ್ದಳು. ನನಗೆ ಹಾಳು ಕಾಲುನೋವು, ಹೋಗಲಿಕ್ಕಾಗಲಿಲ್ಲ. ಸಂಜೆಯಿಂದ ಕಟ್ಟೆಯ ಮೇಲೆ ಕೂತು ದಾರಿ ಕಾದೆ.

ಬಂದರು. ಆಕೆ ಮುಂದೆ. ಆತ ಆಕೆಯ ಚೀಲ ಹೊತ್ತು ಹಿಂದೆ. ಜಗಳ ಇಲ್ಲ, ಅಳು ಇಲ್ಲ, ಭಾಂಡೆ ಬಿದ್ದ ಸಪ್ಪಳವೂ ಇಲ್ಲ. ನನಗೆ ಊಟ ಸೇರಲಿಲ್ಲ.

ಮುಂಜಾನೆ ಕೇಳಿದೆ. "ಇಳಿಸಿಕೊಂಡು ಬಂದಿಯೇನು?"

"ಎಲ್ಲಿ ಇಳಸ್ಲಿ ಯಕ್ಕಾ?" ಆಕೆ ತಲೆ ತಗ್ಗಿಸಿ ನಕ್ಕಳು. "ನಾ ಹತ್ತಿದ ಕೂಡ್ಲೇ ಇವ್ರು ಅಂಜಿ 'ನಮ್ಮ ಮನಿಯಾಕಿ' ಅಂದ್ರು, ಆರು ಮಂದಿ ಎದ್ದು ನಿಂತ್ರು. 'ಡಾಕ್ಟ್ರಮ್ಮ ಬಂದ್ರು, ಡಾಕ್ಟ್ರಮ್ಮ ಬಂದ್ರು' ಅಂತ ಕಿಡಕಿ ಸೀಟು ಕೊಟ್ರು. ಒಬ್ಬಾಕಿ ನನಗ ಪೇರಲಹಣ್ಣು ಕೊಟ್ಲು. ಅಷ್ಟರಾಗ ಒಂದು ಝಗಳಾ ಬಂತು. ಇವ್ರು ಫೈಸ್ಲಾ ಹೇಳಿದ್ರು. ನನಗ ಅದು ಬರೋಬ್ಬರಿ ಅನಸ್ಲಿಲ್ಲ. ನಾ ಬ್ಯಾರೇ ಹೇಳಿದೆ. ಎಲ್ಲಾರೂ ನಂದೇ ಖರೇ ಅಂದ್ರು!"

"ಮತ್ತ ಔಷಧ?"

"ಎಲ್ಲಾದಕ್ಕೂ ಬರೇ ಬಿಸಿನೀರು ಅಂತಾರ್ರಿ ಇವ್ರು. ನಾ ಅದಕ್ಕ ಅಜವಾನದ ಕಾಳು ಕೂಡಸ್ರಿ ಅಂದೆ. ಮಂದಿ ಬರಕೊಂಡ್ರು ನೋಡ್ರಿ, ಬರಕೊಂಡ್ರು!"

ಆ ವಾರವೇ ಆಕೆ ಫೋಟೋ ತೆಗೆಸಿ ತನ್ನ ಹೆಸರಿನಲ್ಲಿ ಪಾಸು ಮಾಡಿಸಿದಳು. ಗಿರಣಿ ಬಂದ್ ಇಟ್ಟರೆ ಗಿರಾಕಿಗಳು ತಪ್ಪಿಹೋಗುತ್ತಾರೆ, ಇಬ್ಬರಲ್ಲಿ ಒಬ್ಬರು ಕೂಡಲೇಬೇಕಲ್ಲ? ಯಾರು ಕೂಡಬೇಕು ಅನ್ನುವ ಫೈಸ್ಲಾವನ್ನೂ ಆಕೆಯೇ ಹೇಳಿದಳು.

ಇಂಥ ತಮಾಷೆ ಬಿಟ್ಟು ಸೋಮವಾರ ಯಾರು ಹೋಗುತ್ತಾರೆ? ನಾನೂ ನನ್ನ ಶಾವಿಗೆಯನ್ನು ಮಂಗಳವಾರಕ್ಕೆ ಬದಲಿಸಿದೆ. ಹೋಗಿ ಬಂದ ಮರುದಿನ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋದರೆ, ರೆಪ್ಪೆಯಿಂದ ಕಾಲುಗುರಿನವರೆಗೆ ಬೆಳ್ಳಗಾಗಿ ನಿಂತಿದ್ದ ಒಂದು ಆಕಾರ ಬುಟ್ಟಿ ಇಳಿಸಿಕೊಂಡಿತು. ಅದು ತನ್ನ ಕನ್ನಡಕ ಒರೆಸಿಕೊಂಡ ಮೇಲೆ ಕಂಪೌಂಡರ್ ಅಂತ ಗೊತ್ತಾಯಿತು.

ಅವರು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದರು. "ಯಕ್ಕಾ, ನಿನ್ನಿ ಗಾಡ್ಯಾಗ ಯಾರರೆ ನನ್ನ ಕೇಳಿದ್ರೇನು?"

"ಹೂಂ, ಕೇಳಿದ್ರು. ಡಾಕ್ಟ್ರಮ್ಮನ ಮನಿಯವರು ಏನು ಮಾಡ್ತಾರ ಅಂತ ಕೇಳಿದ್ರು."

ಹಿಟ್ಟಿನೊಳಗಿಂದ ಮುಖ ಅರಳಿತು. "ನೀವು ಏನಂದ್ರಿ?"

"ಸುಳ್ಳು ಯಾಕ ಹೇಳಲಿ? ಆಕಿ ಹತ್ರ ಕಂಪೌಂಡರ್ ಅದಾರ ಅಂದೆ."